ಗೋಡೆ ಹತ್ತುವ ಬೆರಳು

ಮಂಗಳವಾರ, ಶುಕ್ರವಾರ, ಹತ್ತು ಗಂಟೆಗೆ
ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ
ನನ್ನ ಬಲಗೈಯ ಎರಡು ಬೆರಳು ಗೋಡೆ ಹತ್ತುತ್ತವೆ,
ಏಡಿಯ ಕಾಲಿನ ಹಾಗೆ.
ಅವುಗಳ ಹಿಂದೆ ತೋಳು ಬರಬೇಕು.
ಕುಂಟೆಗಿಳಿದ ಎಮ್ಮೆ ಅದು,
ಎದೆಮಟ್ಟಕ್ಕೆ ಬಂದು ಕೂತುಬಿಡುತ್ತದೆ.

ಕೂತಲ್ಲಿಗೆ ನಾಜಿಯಾ ಮೇಡಂ ಪೆನ್ಸಿಲಿನ ಗೆರೆ ಹಾಕುತ್ತಾರೆ.
ಪಕ್ಕದಲ್ಲಿ ತಾರೀಖು, ಆಮೇಲೆ ‘ಪಿ’.
ಪಿ ಅಂದರೆ ನಾನು, ಪಿಳ್ಳಮ್ಮ,
ಇಪ್ಪತ್ತೆರಡು ವರ್ಷ ಕುದಿವ ನೀರಿನಿಂದ
ರೇಷ್ಮೆ ಎಳೆ ಎತ್ತಿದವಳು.

ಮೊದಲ ದಿನ ಕೇಳಿದ್ದರು:
ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?
ಗೂಡಿನ ರೇಟು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು,
ನೋವೂ ಹಾಗೇ ಅಂದೆ.
ಜಡೆ ಹೆಣೆಯುವಾಗ ಎಂಟು.
ಸೆರಗು ಹಿಂದಕ್ಕೆ ಎಸೆಯುವಾಗ ಒಂಬತ್ತು.
ರಾತ್ರಿ ಮರೆತು ಬಲಕ್ಕೆ ಹೊರಳಿದರೆ
ಅದಕ್ಕೆ ನಿಮ್ಮಲ್ಲಿ ನಂಬರಿಲ್ಲ.
ಅವರು ‘ಏಳು’ ಅಂತ ಬರೆದುಕೊಂಡರು.
ಚೌಕಾಸಿ ಮಾಡಿದ ಹಾಗಾಯಿತು.

ಇಲ್ಲಿಗೆ ಬರುವ ಮುಂಚೆ
ಎಣ್ಣೆ ತಿಕ್ಕಿಸಿದ್ದೆ, ಪಟ್ಟು ಹಾಕಿಸಿದ್ದೆ,
ಚಿಂತಾಮಣಿಯಲ್ಲಿ ಎರಡು ಸೂಜಿ ಚುಚ್ಚಿಸಿಕೊಂಡಿದ್ದೆ.
ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರು
‘ಏನೂ ಇಲ್ಲ’ ಅಂದರು.
ನಾದಿನಿ ಅದನ್ನೇ ಊರೆಲ್ಲ ಹಂಚಿದಳು:
ಊದಿಲ್ಲ, ಮುರಿದಿಲ್ಲ, ಏನೂ ಇಲ್ಲವಂತೆ.
ಆ ‘ಏನೂ ಇಲ್ಲ’ವೇ ದಿನಾ ನನ್ನ ಪಕ್ಕ ಮಲಗಿ
ಎರಡು ಗಂಟೆಗೆ ಎಬ್ಬಿಸುತ್ತದೆ.

ಕೀಲಿನ ಸುತ್ತ ಒಂದು ಪೊರೆ ಇರುತ್ತದೆ,
ಅದು ಬಿಗಿದಿದೆ ಅಂದರು ಮೇಡಂ.
ಹುಳ ಗೂಡು ಕಟ್ಟಿಕೊಂಡ ಹಾಗಾ?
ಸುಮಾರು ಹಾಗೇ.
ಹಾಗಾದರೆ ಬೇಯಿಸಲೇಬೇಕು ಅಂದೆ.
ನಗುತ್ತಲೇ ಬಿಸಿ ಚೀಲ ತಂದು ಹೆಗಲಿಗಿಟ್ಟರು.
ನಾನೂ ನಕ್ಕೆ. ನಕ್ಕರೂ ನೋಯುತ್ತಿತ್ತು.

ಗೂಡಾದರೆ ಬೆಂದ ಮೇಲೆ ತುದಿ ಸಿಗುತ್ತದೆ,
ತುದಿ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ.
ಇದಕ್ಕೆ ತುದಿ ಎಲ್ಲಿ?
ಯಾವ ದಿನ, ಯಾವ ಬಾಣಲೆ, ಎಷ್ಟನೇ ಎಳೆ?
ಅವರ ಹೆಬ್ಬೆರಳು ಬೆನ್ನಿನ ಮೂಳೆಯ ಅಂಚಿನಲ್ಲಿ ಹುಡುಕುತ್ತದೆ,
ನಾನು ಹಲ್ಲು ಕಚ್ಚಿ ಕಿಟಕಿಯಾಚೆ
ಆಂಬುಲೆನ್ಸಿನ ಚಕ್ರ ಎಣಿಸುತ್ತೇನೆ.
ನಾಲ್ಕೇ ಇವೆ. ಮತ್ತೆ ಎಣಿಸುತ್ತೇನೆ.

ಮನೆಯಲ್ಲೂ ಮಾಡಬೇಕು.
ಬಾಗಿಲ ಮೇಲಿಂದ ಹಗ್ಗ ಇಳಿಬಿಟ್ಟು
ಎಡಗೈ ಬಲಗೈಯನ್ನು ಎಳೆಯಬೇಕು.
ಮಗ ನೋಡಿ ಕೇಳಿದ,
ಬಾವಿಯಿಲ್ಲದೆ ನೀರು ಸೇದ್ತಿದ್ದೀಯಲ್ಲಮ್ಮಾ?

ಆರನೇ ವಾರ ಗೆರೆ ಕೆಳಗಿಳಿಯಿತು.
ಎರಡು ದಿನ ಜಾಸ್ತಿ ಗೂಡು ಬಿಚ್ಚಿದ್ದೆ, ಹೇಳಲಿಲ್ಲ.
ಇವತ್ತು ಗೆರೆ ಬೇಡ ಮೇಡಂ ಅಂದೆ.
ಹಾಕಿದರು. ಇಳಿದದ್ದೂ ಲೆಕ್ಕಕ್ಕೆ ಬೇಕಂತೆ.
ಆಗಲೇ ಕಂಡದ್ದು, ಅವರ ಹೆಬ್ಬೆರಳಿಗೂ ಪಟ್ಟಿ.
ಎಷ್ಟು? ಅಂದೆ.
ಈಗ ನಾಲ್ಕು. ಸಂಜೆಗೆ ಆರು, ಅಂದರು.

ನನ್ನ ಗೆರೆಗಳ ಪಕ್ಕ ಇನ್ನೊಬ್ಬರವು: ‘ನಂ’.
ಒಟ್ಟು ಐದು, ಒತ್ತೊತ್ತಾಗಿ, ನನ್ನ ಗದ್ದದ ಕೆಳಗೆ ಮುಗಿದಿವೆ.
ನಂಜಪ್ಪನೋ, ನಂದಿನಿಯೋ.
ವಾಸಿಯಾಯಿತೋ, ಬಸ್ ಚಾರ್ಜಿಗೆ ಇಲ್ಲವಾಯಿತೋ.
ಗುಣವಾದವರೂ ಬರೋದಿಲ್ಲ,
ಬೇಸತ್ತವರೂ ಬರೋದಿಲ್ಲ ಅಂದರು ಮೇಡಂ.
ಗೋಡೆಗೆ ಎರಡೂ ಒಂದೇ.

ಹೋದ ಶುಕ್ರವಾರ ಬಂದರೆ
ಯಾರೋ ದೊಡ್ಡವರು ತಪಾಸಣೆಗೆ ಬರುತ್ತಾರೆಂದು
ಕೋಣೆಗೆಲ್ಲ ಸುಣ್ಣ ಬಳಿದಿದ್ದರು.
ಒಂದು ಗೆರೆಯೂ ಇಲ್ಲ.
ಮೇಡಂ ಪೆನ್ಸಿಲ್ ಹಿಡಿದು ಬರಿಯ ಗೋಡೆ ನೋಡುತ್ತಿದ್ದರು.
ಎಲ್ಲಿತ್ತಮ್ಮಾ ನಿಮ್ಮದು?

ಬೆರಳಿಗೆ ನೆನಪಿತ್ತು.
ಹಸಿ ಸುಣ್ಣ ಮೆತ್ತಿಕೊಳ್ಳುತ್ತ ಹತ್ತಿದವು,
ಎದೆ, ಗದ್ದ, ಮೂಗು,
ಹುಬ್ಬಿನ ಹತ್ತಿರ ಎಮ್ಮೆ ನಿಂತಿತು.
ಗೆರೆ ಹಾಕಿದರು. ‘ಪಿ’ ಅಂತ ಬರೆದರು.
ಇರಿ ಮೇಡಂ, ಅಂದೆ,
ಇಲ್ಲಿ, ಗದ್ದದ ಕೆಳಗೆ,
ಆ ‘ನಂ’ದೂ ಒಂದು ಹಾಕಿ.