ಪಾಳಿ

ಸಿಲಿಂಡರು ನಾಕು. ಹನ್ನೆರಡುನೂರಾ ತೊಂಬತ್ತೆಂಟು ಸಿ.ಸಿ.
ಬೋರು ಎಪ್ಪತ್ನಾಕು, ಸ್ಟ್ರೋಕು ಎಪ್ಪತ್ತೈದೂವರಿ.
ಎಣ್ಣಿ ಮೂರೂವರಿ ಲೀಟರು.
ಅಪ್ಪ ಇಷ್ಟೂ ಸೀಸದಕಡ್ಡಿಲೆ ಬರದಿಟ್ಟಿದ್ದ
ಬೆಟಗೇರಿಯ ನಮ್ಮ ಪಡಸಾಲಿ ಗೋಡಿಗೆ,
ಲಗ್ನಪತ್ರಿಕಿ ಅಚ್ಚು ಹಾಕಾವನ ಫೋನ್ ನಂಬರಿನ ಕೆಳಗ.

ಮಗ್ಗ ಕಿತ್ತು ಗ್ಯಾರೇಜು ಮಾಡಿದ ಮನಿ ಅದು.
ಮಗ್ಗದ ಕುಣಿ ಮುಚ್ಚಲಿಲ್ಲ ಅಪ್ಪ, ಇನ್ನೆರಡು ಮೊಳ ಅಗದ.
ಅಜ್ಜ ಕಾಲು ಇಳಿಬಿಟ್ಟು ನೇದಲ್ಲೇ
ಅಪ್ಪ ನಿಂತು ಮ್ಯಾಲ ನೋಡತಿದ್ದ,
ಹಣಿಮ್ಯಾಲ ಹನಿಹನಿ ಕರೇ ಎಣ್ಣಿ.

ಗಾಡಿ ಅಂದಾನಪ್ಪಂದು, ಬಿಳೇದು.
ರಾತ್ರಿ ಒಂದಕ್ಕ ಎದ್ದು ಹುಬ್ಬಳ್ಳಿಗೆ ಹೋಗಿ
ಪೇಪರಿನ ಬಂಡಲು ತುಂಬಕೊಂಡು
ಅಣ್ಣಿಗೇರಿ, ಗದಗ, ನರೇಗಲ್ಲ,
ಗಜೇಂದ್ರಗಡ ಮುಟ್ಟೂದರಾಗ ಬೆಳ್ಳಬೆಳಕು.
ದೀಪಾವಳಿಗೊಂದು ರಾತ್ರಿ ಬಿಟ್ಟರ ಸೂಟಿ ಇಲ್ಲ.
ಅದರ ಸಪ್ಪಳಕ್ಕ ನಮ್ಮ ಓಣಿಯ ಕೂಸುಗಳು ಮಲಗತಿದ್ದವು.

ಒಂದು, ಮೂರು, ನಾಕು, ಎರಡು.
ನಾ ಎಣಸಾಕ ಕಲತದ್ದು ಹಂಗ.
ಪ್ಲಗ್ಗಿನ ವೈಯರು ಹಾಕೂವಾಗ ಅಪ್ಪ ಅಂತಿದ್ದ, ನಾನೂ ಅಂತಿದ್ದೆ.
ಒಂದನೇತ್ತಾದಾಗ ಅಕ್ಕೋರು ರೂಲುಪಟ್ಟಿ ತಗೊಂಡರು.
"ನೀಲಗಂಗಾ, ಎರಡು ಎಲ್ಲಿ ಹೋತು?"
"ಕಡೀಕ ಬರತೈತ್ರಿ."
ಗೆಣ್ಣಿನ ಮ್ಯಾಲ ನಾಕು ಬಿದ್ದವು, ಸರಿಯಾದ ಲೆಕ್ಕದಾಗ.

ಒಂಬತ್ತು ತುಂಬಿದಾಗ ನಾ ಶಾಣ್ಯಾಕಿ.
ವೈಯರು ಬಿಚ್ಚಿಕೊಟ್ಟು, "ಒರಸು" ಅಂದು, ಅಪ್ಪ ಚಾಕ್ಕ ಹೋದ.
ಒರಸಿದೆ. ಅವ ಬರೂದರಾಗ ತಿರುಗಿ ಹಾಕಿಯೂ ಇಟ್ಟೆ,
ಒಂದು, ಎರಡು, ಮೂರು, ನಾಕು.
ಬಂದವ ನೋಡಿದ, ಎಲ್ಲಾ ಜಾಗಾದಾಗ ಅದಾವ ಅಂದಕೊಂಡ,
ಬಾನೆಟ್ಟು ಇಳಿಸಿದ.

ರಾತ್ರಿ ಒಂದಕ್ಕ ಅಂದಾನಪ್ಪ ಚಾವಿ ತಿರುವಿದ.
ಕೆಮ್ಮಿತು.
ಮತ್ತ ತಿರುವಿದ. ಸೈಲೆನ್ಸರಿನಾಗ ಫಡ್ ಅಂತು,
ಓಣಿಯ ನಾಯಿ ಎಲ್ಲಾ ಎದ್ದವು.
ಹನ್ನೊಂದು ವರ್ಷದಾಗ ಮೊದಲ ಸಲ.

ಅಪ್ಪ ಬ್ಯಾಟರಿ ಹಿಡದು ಬಗ್ಗಿದ, ಒಂದೊಂದ ವೈಯರಿನ ಗುಂಟ ಬೆರಳು ಎಳದ,
ಆಮ್ಯಾಲ ಕೌದಿ ಹೊತ್ತು ನಿಂತ ನನ್ನ ನೋಡಿದ.
"ಯಾರು ಕಲಿಸಿದರು?"
"ಅಕ್ಕೋರು."
ಅಂದಾನಪ್ಪ ಮೊದಲ ನಕ್ಕ. ಗಡಿಯಾರ ನೋಡಿಕೊಂಡು ಸುಮ್ಮನಾದ.

"ಅಕ್ಕೋರದು ಖರೇನ ಐತಿ," ಅಂದ ಅಪ್ಪ, "ಅದು ಎಣಿಕಿ. ಇದು ಪಾಳಿ.
ಅಜ್ಜನ ತುಳಿಮಣಿ ನೆನಪೈತೇನು,
ಒಂದು ಏರಿದರ ಒಂದು ಇಳೀತಿತ್ತು?
ಇಲ್ಲಿ ಒಂದೂ ನಾಕೂ ಜೋಡಿ ಏರತಾವ,
ಆವಾಗ ಎರಡೂ ಮೂರೂ ಜೋಡಿ ಇಳೀತಾವ.
ಎರಡರ ಬೆನ್ನಿಗೇ ಮೂರು ಉರಿ ಅಂದರ
ಪಾಪ, ಏರಾಕ ಹೊತ್ತೆಲ್ಲಿ ಅದಕ್ಕ?"

"ಮತ್ತ ಒಂದರ ಹಿಂದ ಎರಡು, ನಾಕು, ಮೂರು ಅಂತ ಯಾಕ ಇಡಲಿಲ್ಲ?"
ಅಪ್ಪ ತಲಿ ತುರಿಸಿದ. "ಅದೂ ಬರತೈತಿ.
ಬ್ಯಾರೆ ಗಾಡಿಗೆ ಇಟ್ಟಾರ. ಇದಕ್ಕ ಹಿಂಗ."

ಸತ್ತವರ ಸುದ್ದಿ, ಹತ್ತಿಯ ದರ, ನಾಳಿನ ಭವಿಷ್ಯ,
ಗಜೇಂದ್ರಗಡಕ್ಕ ಎಲ್ಲಾ ಆವತ್ತು ನಲವತ್ತು ಮಿನಿಟು ತಡ.

ನಾಕು ಲಕ್ಷದ ಹನ್ನೆರಡು ಸಾವಿರಕ್ಕ ಮೀಟರು ನಿಂತಿತು.
ಗಾಡಿ ನಿಲ್ಲಲಿಲ್ಲ. ಆಮ್ಯಾಲ ಎಷ್ಟು ಓಡಿತೋ,
ಗೋಡಿಗೆ ಬರದಿಲ್ಲ.

ಈಗ ಸಿಲಿಂಡರಿಗೊಂದು ಕಾಯಿಲು.
ಪಾಳಿ ಕಾಯೂದು ಕಂಪ್ಯೂಟರು, ಬಾಯಿಲೆ ಹೇಳೂದು ಬೇಕಾಗಿಲ್ಲ.
ನಾ ಹೇಳತೀನಿ.
ಕುಣ್ಯಾಗ ನಿಂತ ಹುಡುಗ, ಮಾಬೂಸಾಬನ ಮಮ್ಮಗ,
ಇಯರ್‌ಫೋನ್ ತಗದು, "ಏನಂದ್ರಿ ಅಕ್ಕಾ?" ಅಂತಾನ.
ಏನಿಲ್ಲ ಅಂತೀನಿ.

ಸಂಜಿಗೆ ಅಂಗಡಿಗೆ ಹಲಗಿ ಹಚ್ಚೂವಾಗ ಮಾತ್ರ
ಅಪ್ಪ ಕೊರದಿಟ್ಟ ಅಂಕಿ ನೋಡಿ
ಒಂದು, ಎರಡು, ಮೂರು, ನಾಕು.
ಇಲ್ಲಂದ್ರ ಚಿಲಕ ಕೂಡೂದಿಲ್ಲ.