ಅಂಟು, ನಂಟು

'ಚೋರ ನಿಲ್ಕುನ್ನಿಲ್ಲ' ಎಂದಳು ಫೋನಿನಲ್ಲಿ
ಹೆರಿಗೆ ವಾರ್ಡಿನ ಸಿಸ್ಟರ್.
ವಿಟ್ಲದಿಂದ ಮದುವೆಯಾಗಿ ಕಾಸರಗೋಡಿಗೆ ಬಂದ ಹೊಸತರಲ್ಲಿ
ಇಲ್ಲಿ ನೆತ್ತರಿಗೆ ಚೋರ ಅನ್ನುತ್ತಾರೆಂದು ನಗು ಬರುತ್ತಿತ್ತು ನನಗೆ.
ರಾತ್ರಿ ಒಂದು ಗಂಟೆಗೆ ಬರುವುದಿಲ್ಲ.

ಇನ್ನೂ ಬಿಸಿಯಾರದ ಕೊಳವೆ ಬಂತು.
ಮಿಸ್ರಿಯಾ, ಇಪ್ಪತ್ತಾರು, ಎರಡನೆಯ ಹೆರಿಗೆ.
ಬಿಳಿ ಬಿಲ್ಲೆಯ ಮೇಲೆ ಮೂರು ತೊಟ್ಟು:
ನೀಲಿ ದ್ರವಕ್ಕೊಂದು, ಹಳದಿಗೊಂದು, ಬಣ್ಣವಿಲ್ಲದ್ದಕ್ಕೊಂದು.
ಕಡ್ಡಿಯಿಂದ ಕದಡಿ, ತೊಟ್ಟಿಲಿನಂತೆ ತೂಗಿ
ಕಾದೆ.

ಹೊರಗೆ, ಅಂಟಿಕೊಂಡವರು ನಂಟರು.
ಇಲ್ಲಿ ಲೆಕ್ಕ ತಿರುವುಮುರುವು.
ಒಡೆದ ಹಾಲಿನಂತೆ ಗರಣೆಗಟ್ಟಿ
ಒಂದನ್ನೊಂದು ತಬ್ಬಿದರೆ ಅದು ಹಗೆ.
ಯಾರೂ ಯಾರನ್ನೂ ಹಿಡಿಯದೆ
ಪಕ್ಕಪಕ್ಕ ಸರಿದಾಡಿಕೊಂಡಿದ್ದರೆ
ಆಗ ಮಾತ್ರ ನಂಟು.

ಮೂರು ತೊಟ್ಟೂ ಹಾಗೆಯೇ ನುಣ್ಣಗೆ ಉಳಿದವು.
ಓ ನೆಗೆಟಿವ್.
ಕೊಡುವಾಗ ಎಲ್ಲರಿಗೂ ಆಗುವ ರಕ್ತ,
ಪಡೆಯುವಾಗ ತನ್ನದೇ ಬೇಕೆಂಬ ಹಟ.

ಗಂಡ ಕಿಟಕಿಯಲ್ಲಿ ಅಂಗಿತೋಳು ಮಡಚಿ ನಿಂತಿದ್ದ:
'ನನ್ನದು ತೆಗೆಯಿರಿ, ಎಷ್ಟು ಬೇಕೋ ಅಷ್ಟು.'
ಬಿ ಪಾಸಿಟಿವ್. ಆಗುವುದಿಲ್ಲ ಅಂದೆ.
ಮಡಚಿದ ತೋಳನ್ನು ಅವನು ಇಳಿಸಲಿಲ್ಲ.

ಫ್ರಿಜ್ಜಿನಲ್ಲಿ ಒಂದೇ ಚೀಲ.
ಮಧ್ಯಾಹ್ನದವರೆಗೆ ಎರಡಿತ್ತು.
ಉಪ್ಪಳದ ಹತ್ತಿರ ಲಾರಿಗೆ ಸಿಕ್ಕ ಹುಡುಗನಿಗೆ
ಗುಂಪು ನೋಡುವಷ್ಟು ಹೊತ್ತಿಲ್ಲವೆಂದು
ಇದನ್ನೇ ಕೊಟ್ಟು ಸಹಿ ಹಾಕಿದ್ದೆ.
ಆಮೇಲೆ ನೋಡಿದರೆ ಅವನು ಎ ಪಾಸಿಟಿವ್.
ಅದರ ಚೀಲ ಹನ್ನೊಂದಿದ್ದವು.
ಹತ್ತು ನಿಮಿಷ ಕಾಯಬಹುದಿತ್ತೇ?
ಆ ಹತ್ತು ನಿಮಿಷ ಅವನ ಹತ್ತಿರ ಇರಲಿಲ್ಲ,
ಎಂದು ನನಗೆ ನಾನೇ ಹೇಳುತ್ತ ನೋಟ್‌ಬುಕ್ಕು ತೆಗೆದೆ.

ಮೊದಲ ನಂಬರಿನವ ಶಾರ್ಜಾದಲ್ಲಿ.
ಎರಡನೆಯದು ಕುಂಬಳೆಯ ದೋಣಿ ಮೆಕ್ಯಾನಿಕ್ ಸಿಲ್ವೆಸ್ಟರ್ ಕ್ರಾಸ್ತಾ.
ಉಗುರಲ್ಲಿ ಗ್ರೀಸು, ಇಪ್ಪತ್ತೈದು ನಿಮಿಷದಲ್ಲಿ ಬಂದ.
ಮೂರನೆಯದು ಬೇಕಲದ ಕಾರ್ತ್ಯಾಯನಿ.
ಖಾಲಿ ಮೀನುಬುಟ್ಟಿ ಬಾಗಿಲಾಚೆ ಇಟ್ಟು,
'ಬೇಗ ಆಗಲಿ, ಹರಾಜು ಐದಕ್ಕೆ.'
ಇಬ್ಬರೂ ರಬ್ಬರ್ ಚೆಂಡು ಹಿಸುಕಿದರು,
ಯಾರಿಗೆಂದು ಕೇಳಲಿಲ್ಲ.
ಪರೀಕ್ಷೆ, ಮತ್ತೆ ತೊಟ್ಟು, ಮತ್ತೆ ಕಾಯುವುದು.
ಅಂಟಲಿಲ್ಲ. ಪುಣ್ಯಕ್ಕೆ, ಅಂಟಲಿಲ್ಲ.

ನಾಲ್ಕೂವರೆಗೆ ಕಾರ್ತ್ಯಾಯನಿಯ ಚೀಲ
ಹೋದ ಹಾಗೆಯೇ ವಾಪಸು ಬಂತು.
ಚೀಟಿಯಲ್ಲಿ ಡಾಕ್ಟರರ ಗೀಚು: ಬೇಕಾಗಲಿಲ್ಲ.

ಆ ಶಬ್ದಕ್ಕೆ ಎರಡು ಅರ್ಥ.
ಎರಡನ್ನೂ ಈ ಮೇಜಿನಲ್ಲೇ ಓದಿದ್ದೇನೆ.
ಫೋನು ಎತ್ತಿದೆ, ಇಟ್ಟೆ, ಎತ್ತಿದೆ.

'ಚೋರ ನಿನ್ನು, ಚೇಚಿ.'

ಓಡುತ್ತಿದ್ದ ಕಳ್ಳ ಅಂತೂ ನಿಂತ.
ಹದಿನೆಂಟು ವರ್ಷದ ಮೇಲೆ ಮತ್ತೆ ನಗು ಬಂತು,
ತಡೆಯಲಿಕ್ಕಾಗಲಿಲ್ಲ.

ಬಿಲ್ಲೆ ತೊಳೆದಿಟ್ಟೆ. ನೋಟ್‌ಬುಕ್ಕಿನಲ್ಲಿ ಬರೆದೆ:
ಕ್ರಾಸ್ತಾನನ್ನು ಮೂರು ತಿಂಗಳು ಕರೆಯಬಾರದು,
ಕಾರ್ತ್ಯಾಯನಿಯನ್ನು ನಾಲ್ಕು.
ಫ್ರಿಜ್ಜಿನಲ್ಲಿ ಮತ್ತೆ ಒಂದೇ ಚೀಲ.
ಕಿಟಕಿಯಾಚೆ ಬೆಂಚಿನ ಮೇಲೆ ಅವನಿಗೆ ನಿದ್ದೆ,
ತೋಳು ಇನ್ನೂ ಮಡಚಿಯೇ ಇತ್ತು.