ಆರು ಎಲ್ಲಿ ಹೋಯಿತು

ಡೀನ್ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ:
ಮಾರೆನ್ ಟ್ವೇಟನ್. ಭೂವಿಜ್ಞಾನ, ಕೊನೆಯ ವರ್ಷ.
ಗುಂಡು ಎಸೆತ, ಹದಿನೈದು ಮೀಟರು ಹನ್ನೆರಡು ಸೆಂಟಿಮೀಟರು.
ಅಂಕಗಳ ಸರಾಸರಿ, ನಾಲ್ಕಕ್ಕೆ ಮೂರು ಪಾಯಿಂಟ್ ಒಂಬತ್ತು ನಾಲ್ಕು.
ಆಟಕ್ಕೂ ಪಾಠಕ್ಕೂ ಸೇರಿಸಿ ಒಂದೇ ಕೊರಳಿಗೆ ಹಾಕುವ ಪದಕ,
ವರ್ಷಕ್ಕೊಮ್ಮೆ, ಫಾರ್ಗೋದ ಈ ಹೋಟೆಲಿನಲ್ಲಿ,
ಕೋಳಿ, ಬೇಯಿಸಿದ ಬೀನ್ಸು, ಒಣ ಕೇಕಿನ ಜೊತೆ.

ನಾನು ಬಾಗಿಲ ಬಳಿ ನಿಂತಿದ್ದೇನೆ.
ಡ್ರೈವರನಿಗೂ ಒಂದು ತಟ್ಟೆ ಇತ್ತು, ಕುರ್ಚಿಯೂ ಇತ್ತು;
ಇಂಜಿನು ತಣ್ಣಗಾದೀತೆಂದು ನೆಪ ಹೇಳಿ ಎದ್ದುಬಂದೆ.
ಚಪ್ಪಾಳೆ ತಟ್ಟಿದವರೆಲ್ಲ ಒಂಬತ್ತು ನಾಲ್ಕನ್ನು ಕೇಳಿದರು.
ನಾನೊಬ್ಬ ಆರನ್ನು ಕೇಳಿದೆ.

ಆ ಆರು ಎಲ್ಲಿ ಹೋಯಿತೆಂದು ನನಗೆ ಗೊತ್ತು.

ನಾಲ್ಕು ಚಳಿಗಾಲ ನಾನವಳನ್ನು ನೋಡಿದ್ದು ಕನ್ನಡಿಯಲ್ಲಿ.
ರಾತ್ರಿ ಹಿಂದಿರುಗುವಾಗ ಓಟದ ಹುಡುಗಿಯರೆಲ್ಲ
ಒಗೆದು ಗುಡ್ಡೆ ಹಾಕಿದ ಬಟ್ಟೆಯಂತೆ ನಿದ್ದೆ;
ಹದಿನಾಲ್ಕನೇ ಸೀಟಿನ ಮೇಲೆ ಮಾತ್ರ
ಹೆಬ್ಬೆರಳು ಗಾತ್ರದ ದೀಪ.
ಗುಂಡು ಆನಿಸಿಕೊಂಡ ಕತ್ತಿನಲ್ಲಿ ಇನ್ನೂ ಸೀಮೆಸುಣ್ಣ,
ಒರೆಸಿದರೂ ಹೋಗದ ಬಿಳುಪು.
ಓದಿದ ಪುಟದ ಅಂಚಿಗೆಲ್ಲ ಬೆರಳಚ್ಚು ಬೀಳುತ್ತಿತ್ತಂತೆ;
ಗ್ರಂಥಾಲಯದವಳು ಬೈದಳೆಂದು ನಗುತ್ತ ಹೇಳಿದ್ದಳು.
ಇನ್ನೊಮ್ಮೆ, ನಾನು ಕೇಳದಿದ್ದರೂ, ಹೇಳಿದಳು:
ಈ ಬಯಲೆಲ್ಲ ಒಂದು ಕಾಲಕ್ಕೆ ಕೆರೆಯ ತಳ,
ಹಿಮ ಕರಗಿ ನಿಂತ ನೀರು, ಸಮುದ್ರದಷ್ಟು.
"ನೀವು ಕೆರೆಯೊಳಗೆ ಬಸ್ಸು ಓಡಿಸುತ್ತಿದ್ದೀರಿ, ಆರ್ವಿಡ್."
ಅಂದಿನಿಂದ ಸ್ಟಿಯರಿಂಗು ಸ್ವಲ್ಪ ತೇಲುತ್ತದೆ ನನಗೆ.

ಕಳೆದ ಫೆಬ್ರುವರಿ. ಇದೇ ಫಾರ್ಗೋ, ಇದೇ ಹೆದ್ದಾರಿ.
ಮರುದಿನ ಎಂಟಕ್ಕೆ ಅವಳ ಖನಿಜಶಾಸ್ತ್ರದ ಪರೀಕ್ಷೆ.
ಗಾಳಿ ಆಗಲೇ ಹಿಮವನ್ನು ಅಡ್ಡಡ್ಡ ಎರಚುತ್ತಿತ್ತು.
ಟವರ್ ಸಿಟಿಯ ಲಾರಿ ತಂಗುದಾಣದಲ್ಲಿ ನಿಲ್ಲಿಸಿದೆ.
ಕಣ್ಣು ಎಳೆಯುತ್ತಿದೆ, ಎಂದೆ. ನಿಜವೇ.
ಆದರೆ ಒಂದು ಲೋಟ ಕಾಫಿಗೆ ಐದು ನಿಮಿಷ ಸಾಕು.
ಕೌಂಟರಿನ ಹೆಂಗಸು ತೀರಿಹೋದ ನನ್ನ ತಮ್ಮನನ್ನು ಬಲ್ಲವಳು;
ಮಾತಿಗೆ ಮಾತು, ಇಪ್ಪತ್ತೈದು.
ಜೇಮ್ಸ್‌ಟೌನಿನವರ ಬಸ್ಸು ಕಿಟಕಿಯಾಚೆ
ನಾನು ನೋಡುತ್ತಿದ್ದಂತೆಯೇ ಹೊರಟುಹೋಯಿತು.
ನಾನು ಹೊರಬರುವಷ್ಟರಲ್ಲಿ
ಪೊಲೀಸರು ಹೆದ್ದಾರಿಗೆ ಗೇಟು ಎಳೆದಿದ್ದರು.

ಅವರು ರಾತ್ರಿಯೇ ಊರು ಸೇರಿದರು.
ನಮ್ಮವರು ಬಸ್ಸಿನಲ್ಲೇ ಮಲಗಿದರು, ಹೀಟರಿನ ಗೊರಕೆಯ ಜೊತೆ.
ಅವಳು ಮಲಗಲಿಲ್ಲ. ಬೆಳಗಾಗುವ ತನಕ ದೀಪ.
ಹನ್ನೊಂದೂವರೆಗೆ ಕಾಲೇಜಿನ ಮುಂದೆ ಇಳಿಯುತ್ತ
"ನಿಮ್ಮದೇನು ತಪ್ಪು, ಹಿಮದ್ದು," ಎಂದಳು.
ಹಿಮ ಬಾಯಿ ಬಿಡಲಿಲ್ಲ.
ನಾನೂ.
ಮೇಷ್ಟರು ಕಟ್ಟುನಿಟ್ಟು: ತಡವಾದ ಪರೀಕ್ಷೆಗೆ ಒಂದು ದರ್ಜೆ ಕಡಿತ.

ಈಗ ಅವಳು ಮೈಕಿನ ಮುಂದೆ.
ನಾಲ್ಕು ಕೆಜಿ ಕಬ್ಬಿಣವನ್ನು ಹಕ್ಕಿಯಂತೆ ಹಾರಿಸುವ ಕೈಗೆ
ಒಂದು ಚೀಟಿ ಹಿಡಿಯಲು ಬಾರದು, ನಡುಗುತ್ತದೆ.
ಕೋಚಿಗೆ, ಗೋಧಿ ಲಾರಿ ಓಡಿಸುವ ಅಮ್ಮನಿಗೆ,
"ಮತ್ತೆ, ಹದಿನಾಲ್ಕನೇ ಸೀಟಿನ ಬಲ್ಬು
ಎರಡು ಸಲ ಹೊಸದು ಹಾಕಿಕೊಟ್ಟ ಆರ್ವಿಡ್‌ಗೆ."
ಇಡೀ ಸಭೆ ಬಾಗಿಲ ಕಡೆ ತಿರುಗಿತು.
ನಾನು ಟೊಪ್ಪಿಗೆ ತೆಗೆದೆ. ಎಲ್ಲಿಡಲಿ ಅದನ್ನು?

ಬಸ್ಸು ಹತ್ತುವಾಗ ಕೈಗೊಂದು ಪೊಟ್ಟಣ ತುರುಕಿದಳು,
ಕಾಗದದ ಕರವಸ್ತ್ರದಲ್ಲಿ ಸುತ್ತಿದ ಕೋಳಿ.
"ನೀವು ತಿನ್ನಲಿಲ್ಲ."
ಮಾರೆನ್, ಎಂದೆ, ಆ ರಾತ್ರಿ ನಾನು—
"ಸೋಮವಾರ ಪರೀಕ್ಷೆ," ಎಂದಳು, ಆಗಲೇ ಒಳಗೆ,
ಗಾಜಿನ ಫಲಕವನ್ನು ಸೀಟಿನ ಕೆಳಗೆ ತಳ್ಳುತ್ತ.
ಕನ್ನಡಿಯಲ್ಲಿ ದೀಪ ಹೊತ್ತಿತು.

ಏಪ್ರಿಲ್. ಆಕಾಶ ತಿಳಿ, ರಸ್ತೆ ಒಣಗಿತ್ತು,
ಯಾವ ಅವಸರವೂ ಇರಲಿಲ್ಲ ಯಾರಿಗೂ.
ಟವರ್ ಸಿಟಿಯ ಕೆಂಪು ಬೋರ್ಡು ದೂರದಿಂದಲೇ ಕಣ್ಣು ಮಿಟುಕಿಸಿತು.
ಒಂದು ಲೋಟ ಕಾಫಿ ಬೇಕಿತ್ತು, ನಿಜಕ್ಕೂ.

ನಿಲ್ಲಿಸಲಿಲ್ಲ.